ರವೆ, ತೊಲೆ ಮತ್ತು ನಮ್ಮನೆಯವರು

ಚಿಕ್ಕವಳಿದ್ದಾಗ ಸಂಡೇ ಸ್ಕೂಲಲ್ಲಿ ಬೈಬಲಿನ ಮತ್ತಾಯ 7ನೇ ಅಧ್ಯಾಯ ಓದಿಸ್ತಿದ್ರು, ನಿನ್ನ ಕಣ್ಣಲ್ಲಿರೋ ತೊಲೆ ಬಿಟ್ಟು ಸಹೋದರನ ಕಣ್ಣಲ್ಲಿರೋ ರವೆ ಯಾಕೆ ನೋಡ್ತೀಯ ಅಂತ ಯೇಸು ಕೇಳೋ ಭಾಗ. ಅಲ್ಲಿ ರವೆ ಅಂದ್ರೆ ಸಣ್ಣ ಕಸ, ನಾನು ಉಪ್ಪಿಟ್ಟಿನ ರವೆನೇ ಅನ್ಕೊಂಡಿದ್ದೆ. ಅದು ಹೆಂಗೆ ಕಣ್ಣಿಗೆ ಹಾರ್ತೋ ಅಂತ ಯೋಚನೆ. ತೊಲೆ ಅಂದ್ರೆ ಮಾತ್ರ ಚೆನ್ನಾಗಿ ಗೊತ್ತಿತ್ತು, ಅಜ್ಜಿ ಮನೇಲಿ ತೊಲೆಗೆ ಹಗ್ಗ ಹಾಕಿ ತೊಟ್ಟಿಲು ಕಟ್ತಿದ್ರು. ಅಷ್ಟು ದಪ್ಪದ ಮರ ಕಣ್ಣೊಳಗೆ ಇಟ್ಕೊಂಡು ಯಾರಾದ್ರೂ ಓಡಾಡೋಕಾಗುತ್ತಾ ಅಂತ ಮಕ್ಕಳೆಲ್ಲ ನಗ್ತಿದ್ವಿ. ಆಗುತ್ತೆ. ಮದುವೆಯಾಗಿ 11 ವರ್ಷ ನಾನು ಹಂಗೇ ಓಡಾಡಿದೀನಿ.

ನಮ್ಮನೆಯವರು ಕೆಟ್ಟವರಲ್ಲ. ಕುಡಿಯಲ್ಲ, ಹೊಡಿಯಲ್ಲ. ಆದ್ರೆ ಊಟಕ್ಕೆ ಕೂತಾಗ್ಲೂ ಕೈಲಿ ಫೋನು, ಫ್ರೆಂಡ್ಸ್ ಕೇಳಿದ್ರೆ ನನಗೆ ಹೇಳ್ದೆ ಸಾಲ ಕೊಡೋದು, ಚರ್ಚ್‌ಗೆ ಕರೆದ್ರೆ ಮುಂದಿನ ವಾರ ಅನ್ನೋದು. ನಾನು ದಿನಾ ರಾತ್ರಿ ಪ್ರಾರ್ಥನೆ ಮಾಡ್ತಿದ್ದೆ, ಸ್ವಾಮಿ ಇವರನ್ನ ಬದಲಾಯಿಸು, ಇವರ ಮನಸ್ಸು ತಿರುಗಿಸು ಅಂತ, ಅದೂ ಮೆಲ್ಲಗಲ್ಲ, ಪಕ್ಕದಲ್ಲಿ ಮಲಗಿರೋ ಅವರಿಗೆ ಕೇಳೋ ಹಾಗೆ. ದೇವರ ಹತ್ರ ಮಾತಾಡ್ತಿದ್ನಾ ಗಂಡನ ಹತ್ರನಾ ಅಂತ ಈಗ ಕೇಳಿದ್ರೆ ಉತ್ತರ ಹೇಳೋಕೆ ನಾಚಿಕೆ ಆಗುತ್ತೆ.

ಒಂದಿನ ತಂಗಿಗೆ ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಕಳಿಸಿದ್ದೆ, ನಾಲ್ಕು ನಿಮಿಷದ್ದು, ಪೂರ್ತಿ ಇವರ ಮೇಲಿನ ದೂರೇ. ಪಾತ್ರೆ ತೊಳಿಯೋವಾಗ ಕೈ ತಾಗಿ ಅದು ಪ್ಲೇ ಆಗೋಯ್ತು, ಕೈ ಒದ್ದೆ ಇತ್ತು ಅಂತ ನಿಲ್ಲಿಸೋಕೂ ಆಗ್ಲಿಲ್ಲ. ಪೂರ್ತಿ ಕೇಳ್ಬೇಕಾಯ್ತು. ಹೇಳಿದ್ರಲ್ಲಿ ಸುಳ್ಳೇನೂ ಇರ್ಲಿಲ್ಲ, ಆದ್ರೆ ಆ ದನಿ! ನಮ್ಮ ಅತ್ತೆ ಕೊಂಕು ಮಾತಾಡ್ತಾರೆ ಅಂತ ನಾನು ಯಾವಾಗ್ಲೂ ಅಂತೀನಲ್ಲ, ಥೇಟ್ ಅದೇ ದನಿ.

ಆ ವರ್ಷದ ಲೆಂಟ್‌ಗೆ, ಅಂದ್ರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಿಗೆ, ಎಲ್ಲರೂ ಮಾಂಸ ಬಿಡ್ತೀನಿ ಟೀ ಬಿಡ್ತೀನಿ ಅಂತಿದ್ರು, ನಾನು ಗಂಡನನ್ನ ತಿದ್ದೋದು ಬಿಡ್ತೀನಿ ಅಂತ ಹರಕೆ ಮಾಡ್ಕೊಂಡೆ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನದ ತನಕ ಎಣಿಸಿದ್ರೆ 46 ದಿನ ಬರುತ್ತೆ, ಅದ್ರಲ್ಲಿ 6 ಭಾನುವಾರ ಉಪವಾಸದ ಲೆಕ್ಕಕ್ಕಿಲ್ಲ, ಹಂಗಾಗಿ 40. ಈ ಲೆಕ್ಕ ಗೊತ್ತಿದ್ದಿದ್ದೇ ಎಡವಟ್ಟಾಯ್ತು ನೋಡಿ. ಬುಧವಾರದಿಂದ ಶನಿವಾರದವರೆಗೂ ಬಾಯಿಗೆ ಬೀಗ ಹಾಕ್ಕೊಂಡು ಎಲ್ಲ ಕೂಡಿಟ್ಟು, ಭಾನುವಾರ ಆರಾಧನೆ ಮುಗಿಸಿ ಬಂದು ಸೀರೆ ಕೂಡ ಬದಲಾಯಿಸದೆ ಒಂದೇ ಸಲ ಸುರಿದೆ. ಅವರು ಸುಮ್ನೆ ಕೇಳಿಸ್ಕೊಂಡು, ಮುಗೀತಾ, ಊಟ ಹಾಕು ಅಂದ್ರು.

ಆಮೇಲೆ ಬೇರೆ ದಾರಿ ಹಿಡಿದೆ. ಮಗನ ಹಳೇ ನೋಟ್‌ಬುಕ್ಕಲ್ಲಿ ಖಾಲಿ ಹಾಳೆ ಉಳಿದಿತ್ತು. ಇವರ ಮೇಲೆ ಸಿಟ್ಟು ಬಂದಾಗೆಲ್ಲ ಅದರಲ್ಲಿ ಬರಿಯೋದು, ಆದ್ರೆ ಅವರು ಮಾಡಿದ್ದಲ್ಲ, ಆದಮೇಲಿನ ಐದು ನಿಮಿಷದಲ್ಲಿ ನಾನೇನ್ ಮಾಡಿದೆ ಅನ್ನೋದು ಮಾತ್ರ. ಲೋಟ ಕುಕ್ಕಿದೆ. ಮಗನ ಮೇಲೆ ರೇಗಿದೆ. ಮೂರು ವರ್ಷದ ಹಿಂದಿನ ವಿಷಯ ಎತ್ತಿದೆ. ತಂಗಿಗೆ ಫೋನ್ ಮಾಡಿದೆ. ತಂಗಿಗೆ ಫೋನ್ ಮಾಡಿದೆ. ಮತ್ತೆ ತಂಗಿಗೆ. ಎರಡು ವಾರಕ್ಕೆ ಪುಟ ತಿರುವಿ ನೋಡಿದ್ರೆ ಅವರ ಮೂರು ತಪ್ಪಿಗೆ ನನ್ನವು ಹನ್ನೆರಡು ಸಾಲು. ಬರೆದಿದ್ದನ್ನ ಇಟ್ಕೊಂಡೇ ರಾತ್ರಿ ಪ್ರಾರ್ಥನೆ, ಈ ಸಲ ಬಾಯಿ ಬಿಡದೆ. ಇವರ ವಿಷಯಕ್ಕೆ ಬಂದ್ರೆ ಹೆಸರು ಮಾತ್ರ ಹೇಳೋದು, ಇಂಥದ್ದು ಮಾಡು ಅಂತ ದೇವರಿಗೆ ಸಲಹೆ ಕೊಡೋದು ಬಂದ್. ನೆಟ್ಟವನು ಒಬ್ಬ, ನೀರು ಹೊಯ್ದವನು ಇನ್ನೊಬ್ಬ, ಬೆಳೆಸಿದವನು ದೇವರು ಅಂತ ಬೈಬಲಲ್ಲಿ ಅಪೊಸ್ತಲ ಪೌಲ ಕೊರಿಂಥ ಊರಿನ ಸಭೆಯವರಿಗೆ ಬರೀತಾನಲ್ಲ, ನಾನು ನೀರು ಹೊಯ್ಯೋದು ಬಿಟ್ಟು ದಿನಾ ಗಿಡ ಕಿತ್ತು ಬೇರು ಬಂತಾ ಅಂತ ನೋಡ್ತಿದ್ದವಳು.

ಕ್ಷಮೆ ಕೇಳಿದ್ದು ಇನ್ನೂ ಕಷ್ಟ ಆಯ್ತು. ಮೊದಲನೇ ಸಲ, ರೀ ತಪ್ಪಾಯ್ತು, ಆದ್ರೆ ನೀವೂ... ಅಂತ ಶುರು ಮಾಡಿ ಅಲ್ಲೇ ಹಾಳು ಮಾಡ್ಕೊಂಡೆ. ಎರಡನೇ ಸಲ ಆದ್ರೆ ಅನ್ನೋ ಪದ ನುಂಗ್ಕೊಂಡೆ, ನಿಮ್ಮ ವಿಷಯ ಎಲ್ಲ ತಂಗಿ ಹತ್ರ ಹೇಳ್ತಿದ್ದೆ, ಇನ್ಮೇಲೆ ಹೇಳಲ್ಲ ಅಂದೆ. ಅವರು ನನ್ನ ಹಣೆ ಮುಟ್ಟಿ ನೋಡಿ, ಹುಷಾರಿಲ್ವಾ ಅಂತ ಕೇಳಿದ್ರು. ನಿಜವಾಗ್ಲೂ.

ಒಂದು ಮಾತು ಹೇಳ್ಲೇಬೇಕು, ಯಾಕಂದ್ರೆ ಇಂಥ ಅನುಭವದ ಸಾಕ್ಷಿ ಕೇಳಿ ಕೆಲವರು ತಪ್ಪು ತಿಳ್ಕೋತಾರೆ. ಹೊಡೆಯೋ ಗಂಡನ ಮುಂದೆ ಸುಮ್ನಿರಿ, ದೇವರು ನೋಡ್ಕೋತಾನೆ ಅಂತ ನಾನು ಯಾವ ಅಕ್ಕನಿಗೂ ಹೇಳಲ್ಲ. ಅಲ್ಲಿ ತುರ್ತು ನಂಬರ್ 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡೋದೇ ಸರಿ. ನಮ್ಮನೇಲೂ ಎಲ್ಲದಕ್ಕೂ ಬಾಯಿ ಮುಚ್ಕೊಂಡಿಲ್ಲ. ಮಗನ ಫೀಸ್‌ಗೆ ಇಟ್ಟಿದ್ದ ದುಡ್ಡಲ್ಲಿ ಎಂಟು ಸಾವಿರ ಯಾರಿಗೋ ಕೊಟ್ಟಾಗ ಒಂದೇ ಸಲ, ನೇರವಾಗಿ, ಇದು ನನಗೆ ಒಪ್ಪಿಗೆಯಿಲ್ಲ ಅಂದೆ, ಅಷ್ಟೇ, ಮಾರನೇ ದಿನ ಮತ್ತೆ ಎತ್ತಲಿಲ್ಲ. ಮತ್ತಾಯನ ವಾಕ್ಯ ಪೂರ್ತಿ ಓದಿದ್ರೂ ಹಂಗೇ ಇದೆ, ರವೆ ತೆಗೀಲೇಬೇಡ ಅಂತ ಯೇಸು ಹೇಳಿಲ್ಲ, ಮೊದಲು ನಿನ್ನ ತೊಲೆ ತೆಗಿ, ಆಮೇಲೆ ಕಣ್ಣು ಚೆನ್ನಾಗಿ ಕಾಣುತ್ತೆ ಅಂದಿದ್ದು.

ಇವರು ಬದಲಾದ್ರಾ ಅಂತ ಕೇಳ್ತೀರಿ, ಗೊತ್ತು. ಸಾಲ ಕೊಡೋಕೆ ಮುಂಚೆ ಈಗ ಒಂದು ಮಾತು ಕೇಳ್ತಾರೆ, ಯಾಕೆ ಅಂತ ನಾನು ಕೆದಕಿಲ್ಲ. ಆ ಎಂಟು ಸಾವಿರ ವಾಪಸ್ ಬಂದಿಲ್ಲ. ಶುಭ ಶುಕ್ರವಾರ ಚರ್ಚ್‌ಗೆ ಬಂದ್ರು, ಈಸ್ಟರ್‌ಗೆ ಬರ್ಲಿಲ್ಲ. ನಿನ್ನೆ ರಾತ್ರಿನೂ ಒಂದು ಕೈಲಿ ಚಪಾತಿ, ಇನ್ನೊಂದು ಕೈಲಿ ಫೋನು. ಬಾಯಿ ತುದಿಗೆ ಬಂದಿತ್ತು. ಪಲ್ಯ ಹಾಕ್ಲಾ ಅಂದೆ.