ಹೊಲದ ಅಡಿಯಲ್ಲಿ ತೈಲದ ಪೈಪು: ಗೂಟ ಹೊಡೆಯುವ ಮೊದಲು, ಹೊಡೆದ ಮೇಲೆ

ಕರ್ನಾಟಕದ ನೆಲದಲ್ಲಿ ತೈಲ ಎತ್ತುವ ಬಾವಿಗಳಿಲ್ಲ. ಹಾಗಾಗಿ ಇಲ್ಲಿನ ರೈತರ ಬದುವಿಗೆ ತೈಲ ಕಂಪನಿಯ ಜೀಪು ಬಂದರೆ ಅದು ಪೈಪು ಹೂಳುವ ಮಾತಿಗೆ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ ಸಾಗಿಸುವ ಕೊಳವೆ 2003ರಿಂದ ನಡೆಯುತ್ತಿದೆ. ಮಹಾರಾಷ್ಟ್ರದ ದಾಭೋಲ್‌ನಿಂದ ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ಸೀಮೆ ಹಾದು ಬೆಂಗಳೂರಿಗೆ 2013ರಲ್ಲಿ ಅನಿಲ ಬಂತು. 450 ಕಿ.ಮೀ. ಉದ್ದದ ಕೊಚ್ಚಿ–ಮಂಗಳೂರು ಅನಿಲ ಕೊಳವೆ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಇನ್ನೂ ಹೊಸ ಮಾರ್ಗಗಳು ಬರುತ್ತವೆ, ಹಳೆಯದರ ಪಕ್ಕದಲ್ಲೇ ಎರಡನೆಯ ಪೈಪೂ ಬರುತ್ತದೆ.

ಇದೆಲ್ಲ ನಡೆಯುವುದು 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗ ಕಾಯ್ದೆಯ ಅಡಿಯಲ್ಲಿ. ಈ ಕಾಯ್ದೆಯಲ್ಲಿ ಜಮೀನು ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ, ಪಹಣಿ ನಿಮ್ಮದೇ, ಕಂದಾಯ ಕಟ್ಟುವವರೂ ನೀವೇ. ಸರ್ಕಾರ ಪಡೆಯುವುದು ಒಂದು ಪಟ್ಟಿಯಷ್ಟು ಅಗಲದಲ್ಲಿ 'ಬಳಕೆಯ ಹಕ್ಕು' ಮಾತ್ರ. ಕೇಳಲು ಹಗುರ. ಆದರೆ ಪೈಪು ಹೂಳಿದ್ದಕ್ಕೆ ಪರಿಹಾರ ಒಂದೇ ಸಲ ಸಿಗುತ್ತದೆ, ಆ ಪಟ್ಟಿಯ ಮೇಲಿನ ನಿರ್ಬಂಧ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಎರಡನ್ನೂ ತೂಗಿ ನೋಡಬೇಕಾದದ್ದು ಮೊದಲ ಗೂಟ ಬೀಳುವ ಹೊತ್ತಿನಲ್ಲಿ.

ಸರ್ವೆ ತಂಡ ಬಂದಾಗ

ಹೊಲಕ್ಕೆ ಇಳಿದು ಅಳೆಯುವ, ಮಣ್ಣು ತೋಡಿ ನೋಡುವ ಕಾನೂನಿನ ಅಧಿಕಾರ ಸಿಗುವುದು ಬಳಕೆಯ ಹಕ್ಕು ಪಡೆಯುವ ಉದ್ದೇಶ ಸಾರುವ, ಆ ಕಾಯ್ದೆಯ ಕಲಂ 3(1)ರ ಅಧಿಸೂಚನೆ ಹೊರಬಿದ್ದ ಮೇಲೆ. ಅದಕ್ಕೂ ಮುಂಚೆ ಜಿಪಿಎಸ್ ಹಿಡಿದು ಬರುವವರು ನಿಮ್ಮ ಒಪ್ಪಿಗೆಯಿಂದಲೇ ಒಳಗೆ ಬರುತ್ತಾರೆ. ಅವರನ್ನು ಬೈದು ಕಳಿಸಬೇಡಿ, ಚಹಾ ಕೊಟ್ಟು ಜೊತೆಗೆ ನಡೆಯಿರಿ. ನಕ್ಷೆಯ ಮೇಲಿನ ಗೆರೆಯನ್ನು ಇಪ್ಪತ್ತು ಮೀಟರ್ ಆಚೆ ಸರಿಸಲು ಈಗ ಮಾತು ಸಾಕು. ಅಧಿಸೂಚನೆಯಲ್ಲಿ ಸರ್ವೆ ನಂಬರ್ ಅಚ್ಚಾದ ಮೇಲೆ ಅದೇ ಇಪ್ಪತ್ತು ಮೀಟರಿಗೆ ಪಕ್ಕದವರ ಜಮೀನಿಗೆ ಹೊಸ ಅಧಿಸೂಚನೆ ಬೇಕಾಗುತ್ತದೆ, ಯಾವ ಎಂಜಿನಿಯರೂ ಅದಕ್ಕೆ ಮನಸ್ಸು ಮಾಡುವುದಿಲ್ಲ.

ಜೊತೆಗೆ ನಡೆಯುವಾಗ ಬೋರ್‌ವೆಲ್ ಎಲ್ಲಿದೆ, ಮೋಟರಿನ ಕೇಬಲ್ ಎಲ್ಲಿ ಹೂತಿದೆ, ಹನಿ ನೀರಾವರಿಯ ಮುಖ್ಯ ಪೈಪು ಯಾವ ಬದುವಿನಲ್ಲಿದೆ, ಮಳೆನೀರು ಯಾವ ಕಡೆಯಿಂದ ಇಳಿಯುತ್ತದೆ, ಹಿರಿಯರ ಸಮಾಧಿ ಎಲ್ಲಿದೆ ಎಂದು ತೋರಿಸಿ. ಪೈಪು ಹೊಲವನ್ನು ಓರೆಯಾಗಿ ಸೀಳುವುದಕ್ಕಿಂತ ಬದುವಿಗೆ ಸಮನಾಗಿ ಹೋದರೆ ನಿಮಗೆ ಹಾನಿ ಅರ್ಧಕ್ಕೂ ಕಡಿಮೆ. ಓರೆಯಾಗಿ ಸೀಳಿದ ಹೊಲದಲ್ಲಿ ಮುಂದೆ ಮನೆಗೂ ಜಾಗವಿಲ್ಲ, ಬಾವಿಗೂ ಜಾಗವಿಲ್ಲ, ಅಣ್ಣತಮ್ಮಂದಿರ ಪಾಲಿನಲ್ಲಿ ಆ ತುಂಡು ಯಾರಿಗೂ ಬೇಡ.

ಇದೇ ಹೊತ್ತಿನಲ್ಲಿ ಕಾಗದಗಳನ್ನು ಸರಿಮಾಡಿಕೊಳ್ಳಿ. ತೀರಿಕೊಂಡ ತಂದೆಯ ಹೆಸರಿನಲ್ಲೇ ಪಹಣಿ ಇದ್ದರೆ ಪೌತಿ ಖಾತೆ ಮಾಡಿಸಿ, ಇಲ್ಲದಿದ್ದರೆ ಪರಿಹಾರದ ಹಣ ವಾರಸುದಾರರ ತಕರಾರಿನಲ್ಲಿ ಸಿಕ್ಕಿಬೀಳುತ್ತದೆ. ಜಂಟಿ ಖಾತೆಯಾಗಿದ್ದರೆ ಪಾಲು ಬೇರೆ ಮಾಡಿಸುವ ಪೋಡಿಗೆ ಅರ್ಜಿ ಹಾಕಿ. ಬೋರ್‌ವೆಲ್ ಹಾಕಿ ಹತ್ತು ವರ್ಷವಾಗಿದ್ದರೂ ಪಹಣಿಯಲ್ಲಿ ಖುಷ್ಕಿ, ಅಂದರೆ ಮಳೆಯಾಶ್ರಿತ, ಎಂದೇ ಇರುವುದು ಸಾಮಾನ್ಯ. ಬೆಳೆ ಸಮೀಕ್ಷೆಯಲ್ಲಿ ಅಡಿಕೆ, ತೆಂಗು, ಬಾಳೆ ಸರಿಯಾಗಿ ದಾಖಲಾಗಿದೆಯೇ ನೋಡಿ. ಬಾಗಾಯ್ತಿಗೂ ಖುಷ್ಕಿಗೂ ಇರುವ ಬೆಲೆಯ ಅಂತರ ನಿಮಗೆ ಗೊತ್ತೇ ಇದೆ.

ಅಧಿಸೂಚನೆ ಮತ್ತು 21 ದಿನ

3(1) ಅಧಿಸೂಚನೆ ಭಾರತ ಸರ್ಕಾರದ ಗೆಜೆಟ್‌ನಲ್ಲಿ ಪ್ರಕಟವಾಗುತ್ತದೆ. ಅದರಲ್ಲಿ ತಾಲ್ಲೂಕು, ಗ್ರಾಮ, ಸರ್ವೆ ನಂಬರ್, ಕೊನೆಗೆ ವಿಸ್ತೀರ್ಣ ಹೆಕ್ಟೇರ್–ಆರ್–ಸೆಂಟಿಆರ್ ಲೆಕ್ಕದಲ್ಲಿ ಇರುತ್ತದೆ. '0-18-00' ಎಂದು ಬರೆದಿದ್ದರೆ 18 ಆರ್, ಅಂದರೆ 1,800 ಚದರ ಮೀಟರ್. ಒಂದು ಗುಂಟೆ 101 ಚದರ ಮೀಟರಿಗೆ ಸ್ವಲ್ಪ ಹೆಚ್ಚು, ಆದ್ದರಿಂದ ಇದು ಸುಮಾರು 17.8 ಗುಂಟೆ. ಪಟ್ಟಿಯ ಅಗಲ ಯೋಜನೆಗೆ ತಕ್ಕಂತೆ ಸಾಮಾನ್ಯವಾಗಿ 18ರಿಂದ 30 ಮೀಟರ್ ಇರುತ್ತದೆ. ಅಗಲವನ್ನು ನಿಮ್ಮ ಹೊಲದೊಳಗಿನ ಉದ್ದದಿಂದ ಗುಣಿಸಿ ನೋಡಿ, ಗೆಜೆಟ್‌ನ ಅಂಕಿಗೆ ಹೊಂದದಿದ್ದರೆ ಅಲ್ಲೇ ಕೇಳಿ. ಎರಡು ಹಿಸ್ಸೆಗಳ ಅಂಕಿ ಅದಲುಬದಲಾಗುವುದು ಅಪರೂಪವೇನಲ್ಲ.

ಆಕ್ಷೇಪಣೆಗೆ ಇರುವುದು 21 ದಿನ. ಗೆಜೆಟ್ ಊರಿಗೆ ತಡವಾಗಿ ತಲುಪಿತು ಎಂಬ ವಾದವನ್ನು ನಂಬಿ ಕೂರಬೇಡಿ, ಗೆಜೆಟ್ ತಾರೀಖಿನಿಂದಲೇ ಎಣಿಸಿ. ಅರ್ಜಿ ಈ ಕೆಲಸಕ್ಕೆ ಕೇಂದ್ರ ಸರ್ಕಾರ ಅಧಿಕಾರ ಕೊಟ್ಟ ಸಕ್ಷಮ ಪ್ರಾಧಿಕಾರಿಗೆ ಲಿಖಿತವಾಗಿ ಹೋಗಬೇಕು, ಕಾರಣಗಳು ಅದರಲ್ಲಿರಬೇಕು. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ ಅಥವಾ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ನಿಮ್ಮ ಮಾತು ಹೇಳಿಕೊಳ್ಳಲು ಖುದ್ದು ಅಥವಾ ವಕೀಲರ ಮೂಲಕ ಅವಕಾಶ ಕೊಡಲೇಬೇಕೆಂದು ಕಾಯ್ದೆಯೇ ಹೇಳುತ್ತದೆ.

'ನಮ್ಮ ಜಮೀನಿನಲ್ಲಿ ಬೇಡ' ಎಂದಷ್ಟೇ ಬರೆದ ಅರ್ಜಿ ಒಂದು ಸಾಲಿನ ಹಿಂಬರಹದೊಂದಿಗೆ ವಜಾ ಆಗುತ್ತದೆ. ಕಲಂ 7 ಸ್ವತಃ ಕೆಲವು ಜಾಗಗಳನ್ನು ಹೊರಗಿಟ್ಟಿದೆ. ಅಧಿಸೂಚನೆಗೆ ಮುಂಚೆ ವಾಸಕ್ಕೆ ಬಳಸುತ್ತಿದ್ದ ಜಾಗ, ಶಾಶ್ವತ ಕಟ್ಟಡ ನಿಂತಿರುವ ಜಾಗ, ಮನೆಗೆ ಹೊಂದಿಕೊಂಡ ಜಾಗ, ಇವುಗಳ ಕೆಳಗೆ ಪೈಪು ಹಾಕುವಂತಿಲ್ಲ. ನೆಲಮಟ್ಟದಿಂದ ಒಂದು ಮೀಟರಿಗಿಂತ ಕಡಿಮೆ ಆಳದಲ್ಲಿ ಎಲ್ಲಿಯೂ ಹಾಕುವಂತಿಲ್ಲ. ಹೊಲದ ಮನೆ, ದನದ ಕೊಟ್ಟಿಗೆ, ಅಡಿಕೆ ಬೇಯಿಸುವ ಮನೆ ಪಟ್ಟಿಯೊಳಗೆ ಬಂದಿದ್ದರೆ ತಾರೀಖು ಕಾಣುವ ಫೋಟೊ, ಕರೆಂಟ್ ಬಿಲ್ಲು, ಪಂಚಾಯಿತಿ ತೆರಿಗೆ ರಸೀದಿ ಲಗತ್ತಿಸಿ. ಜೊತೆಗೆ ಸರ್ವೆ ನಕ್ಷೆಯ ಮೇಲೆ ಕೆಂಪು ಪೆನ್ನಿನಲ್ಲಿ ಬೇರೆ ದಾರಿ ಗೀಚಿ ತೋರಿಸಿ. ತೋಟ ಬಹಳ ಬೆಲೆಬಾಳುವಂಥದ್ದಾದರೆ ನೆಲ ಅಗೆಯದೆ ಅಡ್ಡಲಾಗಿ ಕೊರೆದು ಪೈಪು ಎಳೆಯಿರಿ ಎಂದು ಕೇಳಬಹುದು. ಹೊಳೆ, ಹೆದ್ದಾರಿ, ರೈಲು ಹಳಿಯ ಕೆಳಗೆ ಅವರು ಮಾಡುವುದೇ ಅದನ್ನು. ಖರ್ಚು ಹೆಚ್ಚು, ಆದ್ದರಿಂದ ಸುಲಭಕ್ಕೆ ಒಪ್ಪುವುದಿಲ್ಲ, ಆದರೂ ಅರ್ಜಿಯಲ್ಲಿ ಇರಲಿ.

ಆಕ್ಷೇಪಣೆ ತಳ್ಳಿಹಾಕಿದರೆ ಬಳಕೆಯ ಹಕ್ಕು ಪಡೆಯಲಾಗಿದೆ ಎಂಬ ಕಲಂ 6ರ ಘೋಷಣೆ ಬರುತ್ತದೆ. ಅದು 3(1) ಅಧಿಸೂಚನೆಯಾದ ಒಂದು ವರ್ಷದೊಳಗೆ ಬರಲೇಬೇಕು. ತಾರೀಖು ದಾಟಿದ್ದರೆ ವಕೀಲರಿಗೆ ಮೊದಲು ಹೇಳಬೇಕಾದ ವಿಷಯ ಅದೇ.

ಹಣದ ಲೆಕ್ಕ

ಪರಿಹಾರಕ್ಕೆ ಎರಡು ಬಾಬ್ತುಗಳಿವೆ. ಮೊದಲನೆಯದು ಹಾನಿಯದು: ಕಡಿದ ಮರ, ನಿಂತ ಬೆಳೆ, ಕೆಲಸ ನಡೆಯುವಷ್ಟು ದಿನ ಹೊಲದ ಒಂದು ಭಾಗ ಇನ್ನೊಂದರಿಂದ ತುಂಡಾಗಿದ್ದದ್ದು, ಬೇರೆ ಆಸ್ತಿಗೆ ಅಥವಾ ನಿಮ್ಮ ಸಂಪಾದನೆಗೆ ಆದ ನಷ್ಟ. ಎರಡನೆಯದು ಆ ಪಟ್ಟಿಯ ಮಾರುಕಟ್ಟೆ ಬೆಲೆಯ ಶೇ. 10, ಅದೂ 3(1) ಅಧಿಸೂಚನೆಯ ದಿನದ ಬೆಲೆ. ಎಕರೆಗೆ 20 ಲಕ್ಷ ಎಂದು ಹಿಡಿದರೆ ಮೇಲಿನ 17.8 ಗುಂಟೆಗೆ ಬೆಲೆ ಸುಮಾರು 8.9 ಲಕ್ಷ, ಕೈಗೆ ಬರುವುದು ಸುಮಾರು 89 ಸಾವಿರ. ಅರಳಿಕಟ್ಟೆಯಲ್ಲಿ ಕೇಳಿಬರುವ 'ನಾಲ್ಕು ಪಟ್ಟು' ಮಾತು ಭೂಸ್ವಾಧೀನದ್ದು, ಇಲ್ಲಿ ಮಾಲೀಕತ್ವವೇ ಹೋಗುತ್ತಿಲ್ಲವಾದ್ದರಿಂದ ಅದನ್ನು ನೆಚ್ಚಿ ಸಾಲ ಮಾಡಬೇಡಿ. ಕೊಳವೆಯ ಹರಿವನ್ನು ತಡೆಯುವ ವಾಲ್ವ್ ಸ್ಟೇಷನ್‌ಗೆ ಜಾಗ ಕೇಳಿದರೆ ಮಾತ್ರ ಲೆಕ್ಕ ಬೇರೆ. ಬೇಲಿ ಹಾಕಿ ಕಾವಲಿರುವ ಆ ಜಾಗ ನಿಮ್ಮ ಕೈಬಿಟ್ಟೇ ಹೋಗುತ್ತದೆ, ಅಲ್ಲಿಗೆ ದಾರಿಯೂ ಬೇಕು. ಅದನ್ನು ಬಳಕೆಯ ಹಕ್ಕಿನ ಕಾಗದದಲ್ಲಿ ಸೇರಿಸಲು ಬಿಡಬೇಡಿ, ಬೇರೆಯೇ ಬೆಲೆ, ಬೇರೆಯೇ ಕ್ರಯಪತ್ರ.

ಮಾರುಕಟ್ಟೆ ಬೆಲೆಗೆ, ನೋಂದಣಿಗೆಂದು ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರವನ್ನೇ ಹಿಡಿದರೆ ನಿಮಗೆ ನಷ್ಟವಾಗಬಹುದು. ಅಧಿಸೂಚನೆಗೆ ಹಿಂದಿನ ಮೂರು ವರ್ಷಗಳಲ್ಲಿ ಅಕ್ಕಪಕ್ಕದ ಸರ್ವೆ ನಂಬರುಗಳಲ್ಲಿ ಆದ ಕ್ರಯಪತ್ರಗಳ ನಕಲುಗಳನ್ನು ಉಪನೋಂದಣಿ ಕಚೇರಿಯಿಂದ ತೆಗೆಸಿ ಕೊಡಿ.

ನಿಜವಾದ ದೊಡ್ಡ ನಷ್ಟ ಮರದ ಬೆಳೆಯವರದ್ದು. 9×9 ಅಡಿ ಅಂತರದ ಅಡಿಕೆ ತೋಟದಲ್ಲಿ 18 ಮೀಟರ್ ಅಗಲ, 60 ಮೀಟರ್ ಉದ್ದದ ಪಟ್ಟಿ ಹೋದರೆ ಸುಮಾರು 140 ಮರ ಉರುಳುತ್ತವೆ. ಅಲ್ಲಿಗೆ ಮುಗಿಯುವುದಿಲ್ಲ. ಕಲಂ 9ರ ಪ್ರಕಾರ ಆ ಪಟ್ಟಿಯಲ್ಲಿ ಮುಂದೆ ಮರ ನೆಡುವಂತಿಲ್ಲ, ಕಟ್ಟಡ ಕಟ್ಟುವಂತಿಲ್ಲ, ಬಾವಿ, ಕೆರೆ, ಕೃಷಿಹೊಂಡ ತೋಡುವಂತಿಲ್ಲ. ರಾಗಿ, ಜೋಳ, ಶೇಂಗಾ, ತರಕಾರಿಗೆ ಅಡ್ಡಿಯಿಲ್ಲ. ಬಾಳೆ, ಪಪ್ಪಾಯಿ, ನುಗ್ಗೆಯಂಥವನ್ನು ಮರದ ಲೆಕ್ಕಕ್ಕೆ ಸೇರಿಸುತ್ತಾರೋ ಇಲ್ಲವೋ ಎಂದು ಕಂಪನಿಯಿಂದ ಲಿಖಿತವಾಗಿ ಕೇಳಿ ಇಟ್ಟುಕೊಳ್ಳಿ. ಅಡಿಕೆ ಮರದ ಬೆಲೆ ಕಟ್ಟುವಾಗ ಮರದ ವಯಸ್ಸು, ಇನ್ನೆಷ್ಟು ವರ್ಷ ಫಸಲು ಬರುತ್ತಿತ್ತು ಎಂಬುದು ಸೇರಬೇಕು. ತೋಟದ ನಡುವೆ ಓಣಿ ತೆರೆದಂತಾಗಿ ಪಡುವಣ ಬಿಸಿಲು ಒಳಗಿನ ಮರಗಳ ಕಾಂಡಕ್ಕೆ ಬಡಿದು ಸುಡುತ್ತದೆ, ಪಟ್ಟಿಯ ಅಂಚಿನ ಆ ಸಾಲನ್ನೂ ಹಾನಿಯ ಅರ್ಜಿಯಲ್ಲಿ ಕಾಣಿಸಿ.

ಮರ ಎಣಿಸುವ ದಿನ ಮನೆಯವರೊಬ್ಬರು ಸ್ಥಳದಲ್ಲಿರಲೇಬೇಕು. ಪ್ರತಿ ಮರಕ್ಕೂ ಬಣ್ಣದಲ್ಲಿ ನಂಬರ್ ಹಾಕಿಸಿ, ಮಹಜರಿನಲ್ಲಿ ಜಾತಿ, ವಯಸ್ಸು, ಸುತ್ತಳತೆ ಬರೆಸಿ. ಎರಡು ವರ್ಷದ ಸಸಿಯೂ ಎಣಿಕೆಗೆ ಬರಲಿ. ಖಾಲಿ ನಮೂನೆಗೆ ಸಹಿ ಮಾಡಬೇಡಿ, ಪೆನ್ಸಿಲಿನಲ್ಲಿ ತುಂಬಿದ್ದಕ್ಕೂ ಬೇಡ. ಸಹಿಯಾದ ಕೂಡಲೇ ಮೊಬೈಲಿನಲ್ಲಿ ಪ್ರತಿ ಪುಟದ ಫೋಟೊ ತೆಗೆದುಕೊಳ್ಳಿ. ಅಧಿಸೂಚನೆಯಾದ ಮೇಲೆ ಕಟ್ಟಿದ ಶೆಡ್ಡಿಗೆ, ಮಾಡಿದ ಅಭಿವೃದ್ಧಿಗೆ ಪರಿಹಾರ ಸಿಗುವುದಿಲ್ಲ, ಆ ಜಾಣತನ ಕಾಯ್ದೆ ಬರೆದವರಿಗೂ ಗೊತ್ತಿತ್ತು.

ಮೊತ್ತ ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು. ಅದಕ್ಕೂ ಗಡುವಿದೆ, ಆದ್ದರಿಂದ ಆದೇಶದ ಲಕೋಟೆಯ ಮೇಲೆ ಕೈಸೇರಿದ ತಾರೀಖು ಬರೆದು ಅದೇ ವಾರ ವಕೀಲರಿಗೆ ತೋರಿಸಿ. ಚೆಕ್ಕು ಪಡೆಯುವಾಗ 'ಆಕ್ಷೇಪಣೆಯೊಂದಿಗೆ ಸ್ವೀಕರಿಸಿದೆ' ಎಂದು ಬರೆದೇ ಸಹಿ ಮಾಡಿ.

ಜೆಸಿಬಿ ಬಂದ ಮೇಲೆ

ಗುತ್ತಿಗೆದಾರರು ಬರುವ ಹಿಂದಿನ ದಿನ ಇಡೀ ಪಟ್ಟಿಯ ವಿಡಿಯೊ ಮಾಡಿ. ಬದುಗಳು, ತೂಬು, ಕಾಲುವೆ, ಬೋರ್‌ವೆಲ್ಲಿನ ನೀರು ಬೀಳುವ ರಭಸ ಎಲ್ಲ ಇರಲಿ.

ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡುವುದು ಮಣ್ಣು. ಮೇಲಿನ 20–30 ಸೆಂ.ಮೀ. ಮಣ್ಣನ್ನು ಮೊದಲು ಎತ್ತಿ ಬೇರೆ ರಾಶಿ ಹಾಕಬೇಕು, ಆಮೇಲೆ ತೋಡಿದ ಗರಸು, ಜೇಡಿ, ಕಲ್ಲುಮಣ್ಣು ಇನ್ನೊಂದು ರಾಶಿ, ನಡುವೆ ಕನಿಷ್ಠ ಒಂದು ಮೀಟರ್ ಬಯಲು. ಮುಚ್ಚುವಾಗ ಅದೇ ಕ್ರಮ ತಿರುಗಾಮುರುಗಾ. ಚಾಲಕ ಅವಸರದಲ್ಲಿದ್ದರೆ ಎರಡನ್ನೂ ಕಲಸಿ ಒಟ್ಟಿಗೆ ತಳ್ಳುತ್ತಾನೆ, ಮೂರು ವರ್ಷ ಆ ಪಟ್ಟಿಯಲ್ಲಿ ಬೆಳೆ ಹಳದಿ ಗೆರೆಯಂತೆ ಕಾಣುತ್ತದೆ. ಕೆಲಸ ಮುಗಿದ ಮೇಲೆ ಸಲಿಕೆ ಹಿಡಿದು ಮೂರು ಕಡೆ ಒಂದೊಂದು ಅಡಿ ಅಗೆಯಿರಿ: ಪೈಪಿನ ಮೇಲೆ, ಯಂತ್ರ ಓಡಾಡಿದ ಕಡೆ, ಮುಟ್ಟದ ಹೊಲದಲ್ಲಿ. ಮೂರು ಹಿಡಿ ಮಣ್ಣನ್ನು ಬಿಳಿ ಕಾಗದದ ಮೇಲೆ ಪಕ್ಕಪಕ್ಕ ಇಟ್ಟರೆ ಕಲಸಿದ್ದು ಬಣ್ಣದಲ್ಲೇ ಗೊತ್ತಾಗುತ್ತದೆ. ಯಂತ್ರ ಓಡಾಡಿದ ಕಡೆ ಸಲಿಕೆಯೇ ಇಳಿಯದಿದ್ದರೆ ನೆಲ ಗಟ್ಟಿಯಾಗಿದೆ ಎಂದರ್ಥ, ಆಳವಾಗಿ ಉಳುಮೆ ಮಾಡಿಕೊಡಿ ಎಂದು ಕೇಳಿ.

ಪೈಪು ಹೂತು ಮುಚ್ಚಿದ ಚರಂಡಿ ಮೊದಲ ಮಳೆಗಾಲದಲ್ಲಿ ಕುಸಿಯುತ್ತದೆ. ಅದಕ್ಕಾಗಿಯೇ ಸ್ವಲ್ಪ ದಿಬ್ಬ ಬಿಟ್ಟಿರುತ್ತಾರೆ, ಆದರೆ ಭತ್ತದ ಗದ್ದೆಯಲ್ಲಿ ದಿಬ್ಬವೂ ತೊಂದರೆ, ತಗ್ಗೂ ತೊಂದರೆ. ಗದ್ದೆಯ ಕೆಸರಿನಡಿ ವರ್ಷಗಟ್ಟಲೆ ಉತ್ತು ಗಟ್ಟಿಯಾದ ಪದರ ಒಡೆದರೆ ನೀರು ನಿಲ್ಲದೆ ಪೈಪಿನ ಗುಂಟ ಸೋರಿ ಕೆಳಗಿನವರ ಗದ್ದೆಯಲ್ಲಿ ಏಳುತ್ತದೆ. ಇಳಿಜಾರಿನಲ್ಲಿ ಅದೇ ನೀರು ಮಣ್ಣು ಕೊಚ್ಚಿ ಪೈಪಿನ ಮೇಲಿನ ಹೊದಿಕೆಯನ್ನೇ ತೆಳುವಾಗಿಸುತ್ತದೆ. ಆದ್ದರಿಂದ 'ಜಮೀನು ಮೊದಲಿನಂತಾಗಿದೆ, ಬಾಕಿ ಏನೂ ಇಲ್ಲ' ಎಂಬ ಕಾಗದಕ್ಕೆ ಒಂದು ಮಳೆಗಾಲ ಕಳೆಯುವ ಮುನ್ನ ಸಹಿ ಬೇಡ. ಆ ಕಾಗದ ನಿಮ್ಮ ಕೈಯಲ್ಲಿರುವಷ್ಟು ದಿನವೇ ಗುತ್ತಿಗೆದಾರರು ನಿಮ್ಮ ಫೋನ್ ಎತ್ತುತ್ತಾರೆ. ಪೈಪನ್ನು ಪರೀಕ್ಷಿಸಲು ತುಂಬಿದ ನೀರನ್ನು ನಿಮ್ಮ ಹೊಲಕ್ಕೆ ಬಿಡಲು ಕೇಳಿದರೂ ಒಪ್ಪಬೇಡಿ, ತುಕ್ಕು ತಡೆಯುವ ರಾಸಾಯನಿಕ ಅದರಲ್ಲಿ ಇರಬಹುದು.

ಆಮೇಲಿನ ದಿನಗಳು

ಪಹಣಿಯ 11ನೇ ಕಾಲಂನಲ್ಲಿ ಬಳಕೆಯ ಹಕ್ಕಿನ ನಮೂದು ಬಂದಾಗ ವಿಸ್ತೀರ್ಣ ನೋಡಿ. ಮೇಲಿನ 17.8 ಗುಂಟೆಯ ಬದಲು ಇಡೀ ಸರ್ವೆ ನಂಬರಿಗೆ ಅಂಟಿಸಿದ್ದರೆ ಬ್ಯಾಂಕ್ ಸಾಲಕ್ಕೂ ಮಾರಾಟಕ್ಕೂ ಅಡ್ಡಿಯಾಗುತ್ತದೆ, ತಹಶೀಲ್ದಾರರಿಗೆ ತಿದ್ದುಪಡಿ ಅರ್ಜಿ ಕೊಡಿ. ನಿರ್ವಹಣೆಗೆ ಬರುವವರು ತುರ್ತು ಹೊತ್ತು ಬಿಟ್ಟರೆ ಮುಂಚಿತವಾಗಿ ತಿಳಿಸಿ ಬರಬೇಕು, ಪ್ರತಿ ಸಲದ ಬೆಳೆಹಾನಿಗೂ ಪರಿಹಾರ ಕೇಳುವ ಹಕ್ಕು ನಿಮಗಿದೆ. ಟ್ರ್ಯಾಕ್ಟರ್ ದಾಟಲಿ, ಕಬ್ಬು ತುಂಬಿದ ಲಾರಿಯನ್ನೋ ಬೋರ್ ಕೊರೆಯುವ ಲಾರಿಯನ್ನೋ ದಾಟಿಸುವ ಮೊದಲು ಕಂಪನಿಗೆ ತಿಳಿಸಿ.

ಬದುವಿನಲ್ಲಿ ನೆಟ್ಟ ಗುರುತಿನ ಕಂಬದ ಮೇಲೆ ತುರ್ತು ಸಂಖ್ಯೆ ಇರುತ್ತದೆ. ಅದನ್ನು ಮನೆಯವರೆಲ್ಲರ ಮೊಬೈಲಿನಲ್ಲಿ ಉಳಿಸಿ. ದೂರಕ್ಕೆ ಸಾಗಿಸುವ ನೈಸರ್ಗಿಕ ಅನಿಲಕ್ಕೆ ಅಡುಗೆ ಸಿಲಿಂಡರಿನಂತೆ ವಾಸನೆ ಬೆರೆಸಿರದೆ ಇರಬಹುದು, ಹಾಗಾಗಿ ಮೂಗನ್ನೇ ನಂಬಬೇಡಿ. ಹಸಿರಿನ ನಡುವೆ ಒಂದೇ ಕಡೆ ಹುಲ್ಲು ಒಣಗುವುದು, ಒದ್ದೆ ನೆಲದಲ್ಲಿ ಗುಳ್ಳೆ, ಬುಸ್ ಎಂಬ ಸದ್ದು, ನೀರಿನ ಮೇಲೆ ಎಣ್ಣೆಯ ಬಣ್ಣದ ಪೊರೆ, ಇವು ಸೋರಿಕೆಯ ಗುರುತು. ಆಂಧ್ರದ ನಗರಂನಲ್ಲಿ 2014ರ ಜೂನ್ 27ರ ಬೆಳಗಿನ ಜಾವ ಸೋರಿದ ಅನಿಲಕ್ಕೆ ಬೆಂಕಿ ತಗಲಿ ಹಲವು ಮನೆಗಳು ಸುಟ್ಟವು. ಅಂಥ ಹೊತ್ತಿನಲ್ಲಿ ಪಂಪ್‌ಸೆಟ್ಟಿನ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಬೈಕ್ ಸ್ಟಾರ್ಟ್ ಮಾಡದೆ, ಬೀಡಿ ಹಚ್ಚದೆ, ಗಾಳಿ ಬೀಸಿಬರುವ ದಿಕ್ಕಿಗೆ ಕಾಲ್ನಡಿಗೆಯಲ್ಲೇ ದೂರ ಹೋಗಿ, ಅಲ್ಲಿಂದ ಫೋನ್ ಮಾಡಿ. ಸಿಲಿಂಡರಿನ ಅಡುಗೆ ಅನಿಲದ (ಎಲ್‌ಪಿಜಿ) ಕೊಳವೆಯಾಗಿದ್ದರೆ ತಗ್ಗಿಗೆ ಇಳಿಯಬೇಡಿ, ಆ ಅನಿಲ ಗಾಳಿಗಿಂತ ಭಾರ, ಹಳ್ಳದಲ್ಲೇ ಮಡುಗಟ್ಟುತ್ತದೆ.