ಎಳೆ ಶಿಶುಗಳ ಪ್ರೋಬ್ ಹಿಡಿದು ಮಿದುಳಿನ ಗಡ್ಡೆ ತೆಗೆದದ್ದು: ಕೋಲಾರದಲ್ಲಿ ನನ್ನ ಅನುಭವ

ನ್ಯಾವಿಗೇಶನ್ (ಮೊದಲೇ ತೆಗೆದ ಸ್ಕ್ಯಾನಿನ ಮೇಲೆ ಉಪಕರಣದ ಜಾಗ ತೋರಿಸುವ ಯಂತ್ರ) ಇಲ್ಲದ ಓ.ಟಿ.ಯಲ್ಲಿ ಕಾರ್ಟೆಕ್ಸಿನ, ಅಂದರೆ ಮಿದುಳಿನ ಹೊರಪದರದ, ಅಡಿಯಲ್ಲಿರುವ ಗ್ಲಯೋಮಾಕ್ಕೆ (ಮಿದುಳಿನ ಅಂಗಾಂಶದಿಂದಲೇ ಹುಟ್ಟುವ ಗಡ್ಡೆ) ಕೈ ಹಾಕಬಾರದು, ಅಂಥ ರೋಗಿಗಳನ್ನು ಬೆಂಗಳೂರಿಗೆ ಕಳಿಸಿಬಿಡಬೇಕು ಎಂಬುದು ನನ್ನ ಹಿರಿಯರ ಖಚಿತ ಅಭಿಪ್ರಾಯವಾಗಿತ್ತು. ಕೋಲಾರದಿಂದ ಬೆಂಗಳೂರಿಗೆ 70 ಕಿಲೋಮೀಟರಿನ ಆಸುಪಾಸು. ದೂರ ಅಷ್ಟೇನೂ ದೊಡ್ಡದಲ್ಲ. ಆದರೆ ಅಲ್ಲಿ ಹಾಸಿಗೆ ಸಿಗುವವರೆಗೆ ಕಾಯಬೇಕು, ಜೊತೆಗೆ ಹೋದವರ ಊಟ ವಸತಿ ನೋಡಿಕೊಳ್ಳಬೇಕು, ಇತ್ತ ಟೊಮೆಟೊ ಕೊಯ್ಲಿಗೆ ಬಂದಿರುತ್ತದೆ. ಹೀಗಾಗಿ ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಎಷ್ಟೋ ಮಂದಿ ಹೋಗುವುದೇ ಇಲ್ಲ, ತಿಂಗಳ ಮೇಲೆ ಫಿಟ್ಸ್ ಬಂದು ಮತ್ತೆ ನಮ್ಮ ತುರ್ತು ವಿಭಾಗಕ್ಕೇ ಬರುತ್ತಾರೆ. ಇಂಥವರಿಗಾಗಿ ಸಾಧಾರಣ ಅಲ್ಟ್ರಾಸೌಂಡ್ ಯಂತ್ರವನ್ನೇ ನೆಚ್ಚಿಕೊಂಡು ಗಡ್ಡೆ ತೆಗೆಯುವ ಕ್ರಮವೊಂದನ್ನು ನಾವು ರೂಢಿಸಿಕೊಂಡಿದ್ದೇವೆ. ಅದು ಈಗ ಸರಿಯಾಗಿ ನಡೆಯುತ್ತಿರುವುದರಿಂದ ಬರೆಯುತ್ತಿದ್ದೇನೆ.

ನ್ಯಾವಿಗೇಶನ್ ಯಂತ್ರಕ್ಕೆ ಆಗ ಬಂದ ಕೊಟೇಶನ್ನು ಒಂದು ಕೋಟಿಯನ್ನು ಸುಲಭವಾಗಿ ದಾಟಿತ್ತು. 1990ರ ದಶಕದ ನಡುವೆ ಬಾಸ್ಟನ್ನಿನಲ್ಲಿ ಶುರುವಾದ, ಓ.ಟಿ.ಯೊಳಗೇ ಎಂ.ಆರ್.ಐ. ಇರುವ ವ್ಯವಸ್ಥೆಯ ಮಾತನ್ನಂತೂ ಆಡಳಿತ ಮಂಡಳಿಯ ಮುಂದೆ ಎತ್ತುವ ಹಾಗೇ ಇರಲಿಲ್ಲ. ಅದಲ್ಲದೆ ನ್ಯಾವಿಗೇಶನ್ ತೋರಿಸುವುದು ನಿನ್ನೆಯ ಎಂ.ಆರ್.ಐ.ಯನ್ನು. ಮಿದುಳಿನ ಹೊದಿಕೆಯಾದ ಡ್ಯೂರಾ ತೆರೆದು, ಸುತ್ತಲಿನ ದ್ರವವಾದ ಸಿ.ಎಸ್.ಎಫ್. ಹರಿದು, ಊತ ಇಳಿಸುವ ಮ್ಯಾನಿಟಾಲ್ ತನ್ನ ಕೆಲಸ ಮಾಡಿದ ಮೇಲೆ ಮಿದುಳು ಒಂದು ಸೆಂಟಿಮೀಟರಿನಷ್ಟೂ ಕುಸಿಯಬಹುದೆಂಬುದು ನಮಗೆಲ್ಲ ಗೊತ್ತಿದ್ದರೂ, ಪರದೆಯ ಮೇಲಿನ ಬಣ್ಣದ ಗೆರೆಯನ್ನು ನಂಬುವ ಚಾಳಿ ಬಿಡುವುದಿಲ್ಲ. ಅಲ್ಟ್ರಾಸೌಂಡ್ ತೋರಿಸುವುದು ಆ ಕ್ಷಣದ ಮಿದುಳನ್ನು.

ಯಂತ್ರ ಹುಡುಕಿಕೊಂಡು ಹೊರಗೆ ಹೋಗಬೇಕಾಗಲಿಲ್ಲ. ನವಜಾತ ಶಿಶುಗಳ ಐ.ಸಿ.ಯು.ನಲ್ಲಿ ತಲೆಯ ಸ್ಕ್ಯಾನಿಗೆಂದು ಇಟ್ಟಿದ್ದ ಹಳೆಯ ಪೋರ್ಟಬಲ್ ಯಂತ್ರವಿತ್ತು, ಅದರ ಜೊತೆ 5ರಿಂದ 8 ಮೆಗಾಹರ್ಟ್ಸಿನ ಮೈಕ್ರೋಕಾನ್ವೆಕ್ಸ್ ಪ್ರೋಬೂ (ತಾಗಿಸಿ ನೋಡುವ, ಸಣ್ಣ ದುಂಡು ಮೂತಿಯ ಹಿಡಿ) ಇತ್ತು. ಹೊಟ್ಟೆ ನೋಡುವ 3.5 ಮೆಗಾಹರ್ಟ್ಸಿನ ಪ್ರೋಬನ್ನು ಮೊದಲು ಹಿಡಿದು ನೋಡಿದ್ದೆವು; ಅದರ ಮೂತಿ ಸಣ್ಣ ಕ್ರೇನಿಯೊಟಮಿಯೊಳಗೆ (ತಲೆಬುರುಡೆಯಲ್ಲಿ ತೆರೆದ ಕಿಂಡಿ) ಕೂರುವುದಿಲ್ಲ, ಮೇಲಿನ ಎರಡು ಸೆಂಟಿಮೀಟರು ಬರೀ ಮಬ್ಬು. ರಕ್ತನಾಳ ನೋಡುವ ಲೀನಿಯರ್ ಪ್ರೋಬಿನಲ್ಲಿ ಮೇಲ್ಪದರ ಸೊಗಸಾಗಿ ಕಂಡರೂ ಐದು ಸೆಂಟಿಮೀಟರಿನ ಆಚೆ ಏನೂ ನಿಲ್ಲುವುದಿಲ್ಲ. ಶಿಶುಗಳ ಪ್ರೋಬು ಇವೆರಡರ ನಡುವೆ ನಮಗೆ ಬೇಕಾದ ಹದಕ್ಕೆ ಒದಗಿತು.

ಕಷ್ಟವಾದದ್ದು ಕಾಗದದ ಕೆಲಸ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಪಿ.ಸಿ.ಪಿ.ಎನ್.ಡಿ.ಟಿ. ಕಾಯ್ದೆಯಡಿ ಅಲ್ಟ್ರಾಸೌಂಡ್ ಯಂತ್ರವನ್ನು ಎಲ್ಲಿ ಇಡಲಾಗಿದೆ, ಯಾರು ಬಳಸುತ್ತಾರೆ ಎಂಬುದೆಲ್ಲ ದಾಖಲೆಯಲ್ಲಿರಬೇಕು. ಟ್ರಾಲಿಯ ಮೇಲಿಟ್ಟು ತಳ್ಳಿಕೊಂಡು ಹೋಗುವಷ್ಟು ಸಲೀಸಲ್ಲ. ಗರ್ಭಕ್ಕೂ ಮಿದುಳಿನ ಗಡ್ಡೆಗೂ ಏನು ಸಂಬಂಧ ಎಂದು ವಾದಿಸುವುದರಲ್ಲಿ ಅರ್ಥವಿಲ್ಲ, ಯಂತ್ರ ಎರಡನ್ನೂ ನೋಡಬಲ್ಲದು. ಕಡತ ಮೇಜಿನಿಂದ ಮೇಜಿಗೆ ಅಲೆದು ಮುಗಿಯುವ ಹೊತ್ತಿಗೆ ಒಂದು ಮಳೆಗಾಲ ಕಳೆದಿತ್ತು. ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕ ಈಗ ನಮ್ಮ ನ್ಯೂರೋ ಓ.ಟಿ.ಯ ಬಾಗಿಲಿನಲ್ಲೂ ಇದೆ.

ಆ ಬಿಡುವಿನಲ್ಲಿ ಕೈ ಪಳಗಿಸಿಕೊಂಡೆವು. ಅಂಗಡಿಯ ಅಗರ್ ಕುದಿಸಿ, ಅದಕ್ಕೆ ಸ್ವಲ್ಪ ಇಸಬ್ಗೋಲು ಬೆರೆಸಿ ಸ್ಟೀಲ್ ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿದರೆ ಮಿದುಳಿನಂಥ ಬೂದು ಹಿನ್ನೆಲೆ ಬರುತ್ತದೆ. ಇಸಬ್ಗೋಲನ್ನು ಹೆಚ್ಚಾಗಿ ಹಾಕಿ, ಕುಂಕುಮದ ಬಣ್ಣ ಕೊಟ್ಟು ಮಾಡಿದ ಉಂಡೆಯನ್ನು ಅದರ ನಡುವೆ ಹುದುಗಿಸಿದರೆ ಅದು ಬೆಳ್ಳಗೆ ಹೊಳೆಯುವ ಗಡ್ಡೆಯಾಗುತ್ತದೆ. ಚಿಕ್ಕಬಳ್ಳಾಪುರದ ಕಪ್ಪು ದ್ರಾಕ್ಷಿ ಹುದುಗಿಸಿದರೆ ಸಿಸ್ಟ್ (ದ್ರವದ ಚೀಲ) ಆಗುತ್ತದೆ. ಪರದೆಯನ್ನಷ್ಟೇ ನೋಡುತ್ತ ಉಂಡೆಯನ್ನು ತೆಗೆದು, ಆಮೇಲೆ ಡಬ್ಬಿಯನ್ನು ಕತ್ತರಿಸಿದಾಗ ಎಷ್ಟು ಕೆಂಪು ಉಳಿದಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಒಂದು ಡಬ್ಬಿಗೆ ನೂರು ರೂಪಾಯಿಯೂ ಆಗದು. ಅಗರ್ ಮತ್ತು ಇಸಬ್ಗೋಲಿನ ಪ್ರಮಾಣವನ್ನು ಇಲ್ಲಿ ಬರೆಯುವುದಿಲ್ಲ, ಬೇಕಾದವರು ಕೋಲಾರಕ್ಕೆ ಬರಲಿ.

ಪ್ರೋಬಿನ ಹೊದಿಕೆ ನಮ್ಮನ್ನು ಬಹಳ ದಿನ ಕಾಡಿತು. ಸ್ಟೆರೈಲ್ ಗ್ಲೌಸಿನೊಳಗೆ ಪ್ರೋಬನ್ನಿಟ್ಟರೆ ಬೆರಳುಗಳ ಜಾಗದಲ್ಲಿ ಗಾಳಿ ಸೇರಿ, ಚಿತ್ರದ ಅರ್ಧ ಭಾಗ ಕಪ್ಪು ಪಟ್ಟಿಗಳಾಗಿಬಿಡುತ್ತದೆ. ಆಮದು ಹೊದಿಕೆ ತರಿಸಿದರೆ ಒಂದಕ್ಕೆ ಸಾವಿರದ ಮೇಲೆ. ಕೊನೆಗೆ ಲ್ಯಾಪ್ರೋಸ್ಕೋಪಿ ಕ್ಯಾಮೆರಾದ ಪ್ಲಾಸ್ಟಿಕ್ ತೋಳು, ಒಳಗೆ ಸ್ಟೆರೈಲ್ ಜೆಲ್, ಮೂತಿಗೆ ಬಿಗಿಯಾದ ರಬ್ಬರ್ ಬ್ಯಾಂಡ್, ಹೊರಗೆ ಬರೀ ಸಲೈನ್ ಎಂಬಲ್ಲಿಗೆ ನಿಂತಿದ್ದೇವೆ. ಸುಮಾರು ನೂರೈವತ್ತು ರೂಪಾಯಿಯಲ್ಲಿ ಮುಗಿಯುತ್ತದೆ. ತೋಳನ್ನು ಗುಳ್ಳೆಯಿಲ್ಲದಂತೆ ತೊಡಿಸುವ ಉಪಾಯ ನಮ್ಮ ಓ.ಟಿ. ಸಿಸ್ಟರ್ ಅವರದು, ಅದನ್ನು ಹೇಳುವ ಹಕ್ಕೂ ಅವರದೇ.

ಎಂ.ಆರ್.ಐ.ಯನ್ನು ಹೊಂದಿಸಿಕೊಳ್ಳಲು 3ಡಿ ಸ್ಲೈಸರ್ ಎಂಬ ಉಚಿತ ತಂತ್ರಾಂಶ ಸಾಕು. ಹಿಂದಿನ ರಾತ್ರಿ ಲ್ಯಾಪ್‌ಟಾಪಿನಲ್ಲಿ ಕುಳಿತು, ಕ್ರೇನಿಯೊಟಮಿಯ ಕಿಂಡಿಯಿಂದ ಪ್ರೋಬು ಯಾವ ಓರೆಯಲ್ಲಿ ನೋಡುವುದೋ ಅದೇ ಓರೆಯಲ್ಲಿ ಎಂ.ಆರ್.ಐ.ಯನ್ನು ಮತ್ತೆ ಕತ್ತರಿಸಿಟ್ಟುಕೊಳ್ಳುತ್ತೇನೆ. ಹೀಗೆ ಮಾಡದಿದ್ದರೆ ರೇಡಿಯಾಲಜಿಯ ಗೆಳೆಯರು ದೂರಿದಂತೆ ಅಲ್ಟ್ರಾಸೌಂಡ್ ಚಿತ್ರದಲ್ಲಿ ತಲೆ ಬುಡ ತಿಳಿಯುವುದಿಲ್ಲ. ಮಿದುಳಿನ ಎರಡು ಭಾಗಗಳ ನಡುವಿನ ಪರದೆಯಾದ ಫಾಲ್ಕ್ಸ್, ದ್ರವ ತುಂಬಿದ ವೆಂಟ್ರಿಕಲ್ಲಿನ ಕಪ್ಪು, ಅದರೊಳಗೆ ಹೊಳೆಯುವ ಕೋರಾಯ್ಡ್ ಪ್ಲೆಕ್ಸಸ್ ಎಂಬ ರಕ್ತನಾಳಗಳ ಗೊಂಚಲು, ಈ ಮೂರನ್ನು ಗುರುತಿಸದೆ ಡ್ಯೂರಾಕ್ಕೆ ಚಾಕು ಮುಟ್ಟಿಸುವುದಿಲ್ಲ ಎಂಬುದು ನಮ್ಮ ನಿಯಮ. ಮೊದಲ ಚಿತ್ರವನ್ನು ಡ್ಯೂರಾದ ಮೇಲಿಂದಲೇ ತೆಗೆದು ಯಂತ್ರದಲ್ಲಿ ಉಳಿಸಿಕೊಳ್ಳುತ್ತೇವೆ. ಪ್ರೋಬನ್ನು ಸರ್ಜನ್ನೇ ಹಿಡಿಯಬೇಕು, ಬೇರೆಯವರು ಹಿಡಿದರೆ ದಿಕ್ಕು ತಪ್ಪುತ್ತದೆ.

ಈ ಕ್ರಮವನ್ನು ಅನುಮಾನಿಸಿದವರ ಮುಖ್ಯ ಅಸ್ತ್ರ ಸಲೈನಿನ ಭ್ರಮೆಯಾಗಿತ್ತು, ಅದರಲ್ಲಿ ಸತ್ಯವೂ ಇತ್ತು. ಗಡ್ಡೆ ತೆಗೆದ ಗುಂಡಿಗೆ ಸಲೈನ್ ತುಂಬಿ ನೋಡಿದರೆ ಅದರ ತಳ ಪಳಪಳ ಹೊಳೆಯುತ್ತದೆ. ಮಿದುಳು ತಡೆಯುವಷ್ಟು ಶಬ್ದದ ಅಲೆಯನ್ನು ನೀರು ತಡೆಯುವುದಿಲ್ಲ. ಯಂತ್ರ ಮಾತ್ರ ಮಿದುಳೇ ಇದೆಯೆಂದುಕೊಂಡು ಆಳದ ಪ್ರತಿಧ್ವನಿಯನ್ನು ಹೆಚ್ಚಿಸಿ ತೋರಿಸುತ್ತದೆ. ಆರಂಭದ ರೋಗಿಯೊಬ್ಬರಲ್ಲಿ ಹೀಗೆ ಹೊಳೆದ ತಳದಿಂದ ಚೂರು ಬಯಾಪ್ಸಿ ಕಳಿಸಿದಾಗ ಅಲ್ಲಿ ಗಡ್ಡೆ ಇರಲಿಲ್ಲ. ರಕ್ತ ನಿಲ್ಲಿಸಲು ಇಡುವ ಸರ್ಜಿಸೆಲ್, ಹೆಪ್ಪುಗಟ್ಟಿದ ರಕ್ತ, ಮರೆತುಹೋದ ಕಾಟನಾಯ್ಡ್ (ಹತ್ತಿಯ ಪಟ್ಟಿ) ಕೂಡ ಹಾಗೆಯೇ ಬೆಳ್ಳಗೆ ಕಾಣುತ್ತವೆ. ಅದಕ್ಕಾಗಿ ಈಗ ಸರ್ಜಿಸೆಲ್ ಇಡುವ ಮೊದಲೇ ನೋಡುತ್ತೇವೆ. ತಳದ ಹೊಳಪನ್ನು ಗುಂಡಿಯ ಮೂಲಕವಲ್ಲದೆ ಪಕ್ಕದ ಕಾರ್ಟೆಕ್ಸಿನಿಂದ ಓರೆಯಾಗಿಯೂ ನೋಡುತ್ತೇವೆ. ಎರಡು ಕೋನದಲ್ಲೂ ಅದೇ ಜಾಗದಲ್ಲಿ ನಿಂತರೆ ಮಾತ್ರ ಅದು ಉಳಿದ ಗಡ್ಡೆ, ಪ್ರೋಬಿನ ಜೊತೆ ಜರುಗಿದರೆ ಭ್ರಮೆ.

ಶ್ರೀನಿವಾಸಪುರದ ಕಡೆಯ ಮಾವಿನ ತೋಟದ ಯಜಮಾನರೊಬ್ಬರ ಶಸ್ತ್ರಚಿಕಿತ್ಸೆ ಈ ಕ್ರಮವನ್ನು ಗಟ್ಟಿ ಮಾಡಿತು. ಬಲಭಾಗದ ಫ್ರಾಂಟಲ್ (ಮಿದುಳಿನ ಮುಂಭಾಗ) ಹಿಂಬದಿಯಲ್ಲಿ ಹೈ ಗ್ರೇಡ್, ಅಂದರೆ ವೇಗವಾಗಿ ಬೆಳೆಯುವ, ಗ್ಲಯೋಮಾ, ಎಡಗಾಲು ಸೋಲುತ್ತಿತ್ತು. ಡ್ಯೂರಾ ತೆರೆದಾಗ ಕಾರ್ಟೆಕ್ಸಿನ ಮೇಲೆ ಬಣ್ಣದಲ್ಲಾಗಲಿ ಉಬ್ಬಿನಲ್ಲಾಗಲಿ ಯಾವ ಸುಳಿವೂ ಇರಲಿಲ್ಲ. ಪರದೆಯ ಮೇಲೆ ಮಾತ್ರ ಒಂದೂವರೆ ಸೆಂಟಿಮೀಟರ್ ಆಳದಲ್ಲಿ, ಸಲ್ಕಸ್ಸೊಂದರ (ಮಿದುಳಿನ ಮೇಲ್ಮೈಯ ಸೀಳು) ಕೊನೆಗೆ ಅಂಟಿಕೊಂಡಂತೆ ಬಿಳಿಯ ಗಡ್ಡೆ ಕಂಡಿತು, ಅದೇ ಸಲ್ಕಸ್ಸಿನ ದಾರಿ ಹಿಡಿದು ಒಳಗೆ ಹೋದೆವು. ಮೈಕ್ರೋಸ್ಕೋಪಿನಲ್ಲಿ ಎಲ್ಲ ಮುಗಿಯಿತು ಅನ್ನಿಸಿದ ಮೇಲೆ ಮತ್ತೆ ಪ್ರೋಬನ್ನು ಇಟ್ಟಾಗ ಫಾಲ್ಕ್ಸಿನ ಕಡೆಯ ಗೋಡೆಯಲ್ಲಿ ಅವರೆಕಾಳಿನಷ್ಟು ಹೊಳಪು ಉಳಿದಿತ್ತು, ಓರೆಯಾಗಿ ನೋಡಿದರೂ ಜಾಗ ಬಿಡಲಿಲ್ಲ. ಅದನ್ನು ತೆಗೆದು ಬೇರೆ ಡಬ್ಬಿಯಲ್ಲಿ ಕಳಿಸಿದೆವು. ಗಡ್ಡೆಯೇ ಎಂದು ವರದಿ ಬಂತು. ಮರುದಿನ ಕಾಲು ಇನ್ನಷ್ಟು ಸೋತಂತಿದ್ದರೂ ವಾರದೊಳಗೆ ಚೇತರಿಸಿಕೊಂಡಿತು. 48 ಗಂಟೆಯೊಳಗಿನ ಎಂ.ಆರ್.ಐ.ಯಲ್ಲಿ ಕಾಂಟ್ರಾಸ್ಟ್ ಔಷಧಿ ಹಿಡಿದು ಹೊಳೆಯುವ ಗಡ್ಡೆಯ ಭಾಗ ಉಳಿದಿರಲಿಲ್ಲ. ಆ ಚಿತ್ರವನ್ನು ನನ್ನ ಹಿರಿಯರಿಗೆ ತೋರಿಸಿದೆ. ಈಗ ಅವರ ವಿದ್ಯಾರ್ಥಿಗಳು ಅಗರ್ ಡಬ್ಬಿ ಕತ್ತರಿಸಲು ಇಲ್ಲಿಗೆ ಬರುತ್ತಾರೆ.

ನಡುವೆ ಗಡ್ಡೆಗೆ ಬಣ್ಣ ಹಿಡಿಸುವ ಫ್ಲೂರೆಸೀನನ್ನೂ ಪರೀಕ್ಷಿಸಿ ನೋಡಿದೆವು. 2006ರಲ್ಲಿ ಪ್ರಕಟವಾದ ಜರ್ಮನಿಯ 5-ಎ.ಎಲ್.ಎ. (ಗಡ್ಡೆ ಹೊಳೆಯುವಂತೆ ಮಾಡುವ ಔಷಧಿ) ಪ್ರಯೋಗದಲ್ಲಿ ಪೂರ್ತಿ ತೆಗೆಯಲಾದ ಗಡ್ಡೆಗಳ ಪ್ರಮಾಣ ಶೇಕಡಾ 36ರಿಂದ 65ಕ್ಕೆ ಏರಿತ್ತಾದರೂ ಆ ಔಷಧಿ ನಮ್ಮ ಕೈಗೆ ಎಟುಕುವಂಥದಲ್ಲ. ಕಣ್ಣಿನ ವಿಭಾಗದ ಫ್ಲೂರೆಸೀನ್ ವಯಲ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೈಕ್ರೋಸ್ಕೋಪಿಗೆ ಫಿಲ್ಟರ್ ಇಲ್ಲದ ಕಾರಣ ಕೆ.ಜಿ.ಗೆ 20 ಮಿಲಿಗ್ರಾಮಿನಷ್ಟು ಕೊಡಬೇಕಾಯಿತು. ಗಡ್ಡೆ ಹಳದಿಯಾದದ್ದು ನಿಜ, ಆದರೆ ಸುತ್ತಲಿನ ಎಡಿಮಾವೂ (ಊತ) ಅಲ್ಲಲ್ಲಿ ಹಳದಿಯಾಯಿತು. ರೋಗಿಯ ಮೂತ್ರ ಕಂಡು ವಾರ್ಡಿನಲ್ಲಿ ಗಾಬರಿ ಬೇರೆ. ಮೇಲ್ಪದರದ ಗಡ್ಡೆಗಳಿಗೆ ಈಗಲೂ ಒಮ್ಮೊಮ್ಮೆ ಬಳಸುತ್ತೇನೆ.

ವಿಕಿರಣ ಚಿಕಿತ್ಸೆಯಾದ ಮೇಲೆ ಮರುಕಳಿಸಿದ ಗಡ್ಡೆಗಳಲ್ಲಿ ನಮ್ಮ ಕ್ರಮ ಸೋಲುತ್ತದೆ. ಗಾಯದ ಅಂಗಾಂಶ, ಎಡಿಮಾ, ಗಡ್ಡೆ ಮೂರೂ ಒಂದೇ ಬಿಳುಪಿನಲ್ಲಿ ಕಲಸಿಹೋಗುವುದರಿಂದ ಅಂಥವರನ್ನು ಇಂದಿಗೂ ಬೆಂಗಳೂರಿಗೇ ಕಳಿಸುತ್ತೇನೆ. ತಳದ ಭ್ರಮೆಗೆ ಮಾತ್ರ ಇನ್ನೊಂದು ಮದ್ದಿದೆ: ಗುಂಡಿಯೊಳಗೇ ಇಳಿಸಬಹುದಾದ, ಬಾಗಿದ ಮೂತಿಯ ಹಾಕಿ ಸ್ಟಿಕ್ ಪ್ರೋಬು. ಅದೊಂದರ ಬೆಲೆಯೇ ನಮ್ಮ ಹಳೆಯ ಯಂತ್ರದ ಈಗಿನ ಬೆಲೆಗಿಂತ ಹೆಚ್ಚು, ನಾಲ್ಕು ಲಕ್ಷದ ಮೇಲೆ. ತಲೆಗೊಂದಕ್ಕೇ ಇಷ್ಟು ದುಡ್ಡೇ ಎಂದು ಆಡಳಿತದವರು ಕೇಳಿದಾಗ, ನರ್ವ್ ಬ್ಲಾಕಿಗೆ ತಮಗೂ ಅದೇ ಬೇಕೆಂದು ಅನಸ್ತೇಶಿಯಾದವರು ದನಿಗೂಡಿಸಿದ್ದರಿಂದ ಕಡತ ಈಗ ಮುಂದಿನ ಮೇಜಿಗೆ ಹೋಗಿದೆ.