ಆರ್‌ಎಕ್ಸ್ 100ಕ್ಕೆ ಬೇರೆ ಕಾರ್ಬೊರೇಟರ್ ಕೂರಿಸುವುದು ಹೇಗೆ?

ಯಮಹಾ ಆರ್‌ಎಕ್ಸ್ 100 ತಯಾರಿ 1996ರಲ್ಲೇ ನಿಂತಿತು. ಬೆಂಗಳೂರಿನ ಬೀದಿಗಳಲ್ಲಿ ಅದರ ಸದ್ದು ಮಾತ್ರ ನಿಂತಿಲ್ಲ. ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವುದು ಕಾರ್ಬೊರೇಟರ್. ಈ ಗಾಡಿಯ ಮೂಲ ಕಾರ್ಬೊರೇಟರ್ ಮಿಕುನಿ ಕಂಪನಿಯದು, ಬಾಯಿ 20 ಮಿ.ಮೀ. ಅದು ಸವೆದರೆ ಹೆಚ್ಚಿನವರು ದೊಡ್ಡದನ್ನೇ ಹುಡುಕುತ್ತಾರೆ. 28 ಹಾಕಿದರೆ ಗಾಡಿ ಹಾರುತ್ತೆ ಅಂತ ನಂಬಿಸುವವರೂ ಸಿಗುತ್ತಾರೆ. 98 ಸಿಸಿ ಎಂಜಿನ್‌ನ ಪೋರ್ಟ್ (ಸಿಲಿಂಡರಿನ ಕಿಂಡಿ) ಮುಟ್ಟದೆ ಅಷ್ಟು ದೊಡ್ಡದು ಹಾಕಿದರೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಮುಗ್ಗರಿಸುತ್ತದೆ, ಅಷ್ಟೆ. ನನ್ನ ಲೆಕ್ಕದಲ್ಲಿ ರಸ್ತೆಗೆ 24 ಸಾಕು.

ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದಲ್ಲೋ ಕೊಳ್ಳುವಾಗ ಸ್ಲೈಡ್, ಅಂದರೆ ಗಾಳಿಯ ದಾರಿ ತೆರೆದು ಮುಚ್ಚುವ ಒಳಗಿನ ತುಂಡು, ಎತ್ತಿಬಿಡಿ. ಎಲ್ಲೂ ಸಿಕ್ಕಿಕೊಳ್ಳದೆ ಬೀಳಬೇಕು. ಹೊಂದುವ ಮ್ಯಾನಿಫೋಲ್ಡ್ (ಕಾರ್ಬೊರೇಟರನ್ನು ಎಂಜಿನ್‌ಗೆ ಸೇರಿಸುವ ಕೊಳವೆ), ಹೊಸ ಗ್ಯಾಸ್ಕೆಟ್, ಎರಡು ಮೂರು ಸೈಜಿನ ಮೇನ್ ಜೆಟ್ (ಪೆಟ್ರೋಲ್ ಅಳೆದು ಬಿಡುವ ತೂತಿನ ಬಿಡಿಭಾಗ) ಜೊತೆಗೇ ತೆಗೆದುಕೊಳ್ಳಿ.

ಬಿಚ್ಚುವುದು ಸುಲಭ. ತಣ್ಣಗಿರುವ ಎಂಜಿನ್, ಪೆಟ್ರೋಲ್ ಕಾಕ್ ಬಂದ್. ಪೈಪ್ ಕಳಚಿ, ಹಳೆಯದನ್ನು ತೆಗೆದು, ಹೊಸದನ್ನು ಓರೆಯಾಗದಂತೆ ಬಿಗಿ ಮಾಡಿ.

ಆಮೇಲಿನದು ಬಹಳ ಜನ ಮರೆಯುವ ಕೆಲಸ. ಈ ಗಾಡಿಯ ಆಕ್ಸಿಲೇಟರ್ ಕೇಬಲ್ ಎರಡಾಗಿ ಕವಲೊಡೆಯುತ್ತದೆ. ಒಂದು ಕಾರ್ಬ್‌ಗೆ, ಇನ್ನೊಂದು ಎಂಜಿನ್‌ಗೆ ಎಣ್ಣೆ ಕೊಡುವ ಆಯಿಲ್ ಪಂಪ್‌ಗೆ. ದೊಡ್ಡ ಕಾರ್ಬ್‌ನ ಸ್ಲೈಡ್ ಹೆಚ್ಚು ದೂರ ಮೇಲೇರುತ್ತದೆ, ಹಾಗಾಗಿ ಹಳೆಯ ಹೊಂದಾಣಿಕೆ ತಪ್ಪುತ್ತದೆ. ಪಂಪ್ ಪುಲ್ಲಿಯ ಗುರುತು ಸರ್ವಿಸ್ ಮ್ಯಾನ್ಯುಯಲ್ ಹೇಳುವ ಜಾಗಕ್ಕೆ ಬರುವಂತೆ ಕೇಬಲ್ ಸರಿಮಾಡಿ. ಇಲ್ಲದಿದ್ದರೆ ಎಣ್ಣೆ ಸಾಲದೆ ಪಿಸ್ಟನ್ ಸೀಜ್ ಆಗಿ ಸಿಲಿಂಡರಿನಲ್ಲೇ ಕಚ್ಚಿಕೊಳ್ಳಬಹುದು. ಎಂಜಿನ್ ಓಡುತ್ತಿರುವಾಗ ಹ್ಯಾಂಡಲ್ ಪೂರ್ತಿ ಎರಡೂ ಕಡೆ ತಿರುಗಿಸಿ ನೋಡಿ, ಐಡ್ಲಿಂಗ್ ಏರಬಾರದು.

ಗಾಡಿ ಸ್ಟಾರ್ಟ್ ಆಯಿತಾ? ಮ್ಯಾನಿಫೋಲ್ಡ್ ಸುತ್ತ ಕಾರ್ಬ್ ಕ್ಲೀನರ್ ಚೂರು ಸಿಂಪಡಿಸಿ. ಬಿಸಿ ಸೈಲೆನ್ಸರ್ ಮೇಲೆ ಬೀಳದಿರಲಿ. ಎಂಜಿನ್ ಸದ್ದು ಬದಲಾದರೆ ಅಲ್ಲಿ ಗಾಳಿ ಸೋರುತ್ತಿದೆ. ಅದನ್ನು ಮುಚ್ಚದೆ ಜೆಟ್ ಬದಲಿಸುತ್ತಾ ಕೂರುವುದು ಸುಮ್ನೆ ದುಡ್ಡು ದಂಡ.

ಈಗ ಟ್ಯೂನಿಂಗ್. ಸಣ್ಣ ಥ್ರಾಟಲ್‌ಗೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ, ಅರ್ಧಕ್ಕೆ ನೀಡಲ್ (ಸ್ಲೈಡ್ ಜೊತೆ ಏರಿಳಿಯುವ ಸೂಜಿ), ಮುಕ್ಕಾಲರಿಂದ ಮೇಲಕ್ಕೆ ಮೇನ್ ಜೆಟ್. ನೀಡಲ್ ಕ್ಲಿಪ್ ನಡುವಿನ ಗೀರಿನಲ್ಲಿಟ್ಟು ಶುರುಮಾಡಿ. ಕ್ಲಿಪ್ ಕೆಳಗಿಳಿಸಿದರೆ ಪೆಟ್ರೋಲ್ ಜಾಸ್ತಿ, ಮೇಲೇರಿಸಿದರೆ ಕಮ್ಮಿ. ಮೇನ್ ಜೆಟ್ ದೊಡ್ಡದರಿಂದ ಶುರುವಾಗಿ ಒಂದೊಂದೇ ಸೈಜ್ ಇಳಿಯಲಿ. ಖಾಲಿ ರಸ್ತೆಯಲ್ಲಿ ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ, ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಪ್ಲಗ್ ತೆಗೆದು ನೋಡಿ. ಕಂದು ಬಣ್ಣ ಸರಿ. ಒದ್ದೆ ಕಪ್ಪಾದರೆ ಪೆಟ್ರೋಲ್ ಜಾಸ್ತಿ. ಬಿಳಿ ಬಿದ್ದರೆ ಅಲ್ಲೇ ನಿಲ್ಲಿಸಿ, ದೊಡ್ಡ ಜೆಟ್ ಹಾಕಿ. ಎಲ್ಲ ಮುಗಿದ ಮೇಲೆ ಎಮಿಷನ್ ಟೆಸ್ಟ್ ಮಾಡಿಸಿಬಿಡಿ.

ಒಂದು ವಿಷಯ ಮೆಕ್ಯಾನಿಕ್‌ಗಳೂ ಹೇಳುವುದು ಅಪರೂಪ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ತೆಳು, ಚಿಕ್ಕ ಜೆಟ್ಟೇ ಸರಿಹೋಗುತ್ತದೆ. ಅದೇ ಗಾಡಿ ಶಿರಾಡಿ ಘಾಟಿ ಇಳಿದು ಮಂಗಳೂರು ಕಡೆ ಹೊರಟರೆ ಗಾಳಿ ದಟ್ಟವಾಗುತ್ತದೆ, ಜೆಟ್ ಬಿಡುವ ಪೆಟ್ರೋಲ್ ಸಾಲದು. ಟೂ ಸ್ಟ್ರೋಕ್ ಎಂಜಿನ್ ಇದನ್ನು ತಾಳಿಕೊಳ್ಳುವುದಿಲ್ಲ. ಹೊರಡುವ ಮೊದಲು ಒಂದು ಸೈಜ್ ದೊಡ್ಡ ಮೇನ್ ಜೆಟ್ಟನ್ನು ಟೂಲ್ ಬ್ಯಾಗಿಗೆ ಹಾಕಿಕೊಳ್ಳಿ. ಘಾಟಿ ಇಳಿದ ಮೇಲೆ ಮೊದಲ ಟೀ ಅಂಗಡಿಯಲ್ಲೇ ಬದಲಿಸಿಕೊಳ್ಳಬಹುದು.